ನೀರೊಳಗಿನ ಮೇವು: ಮೀನು ಸಾಕುವವರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ, ಕುಷ್ಟಗಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತೌಡು ಎಷ್ಟು, ಹಿಂಡಿ ಎಷ್ಟು ಎಂದು ಕೇಳಿವೆ. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನಿಗೆ ಕೆರೆಯ ನೀರಲ್ಲೇ ಹುಟ್ಟುವ ಮೇವು ಮೊದಲು, ಚೀಲದ ಮೇವು ಆಮೇಲೆ. ಆದ್ದರಿಂದ ಈ ಸಲ ನೀರಿನ ಮೇವಿಗೆ ಸಂಬಂಧಿಸಿದ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ. ಲೆಕ್ಕಗಳೆಲ್ಲ ಬೇರೆ ಹೇಳದಿದ್ದರೆ ಒಂದು ಎಕರೆ ನೀರಿನ ಹರವಿಗೆ, ಐದು ಅಡಿ ಆಳಕ್ಕೆ.

ಪ್ರಶ್ನೆ: ಎರಡು ಎಕರೆ ಕೆರೆಯಲ್ಲಿ ಕಾಟ್ಲಾ, ರೋಹು ಬಿಟ್ಟು ಐದು ತಿಂಗಳಾಯಿತು. ರೈಸ್ ಮಿಲ್ಲಿನ ತೌಡು ದಿನವೂ ತಪ್ಪದೆ ಹಾಕುತ್ತಿದ್ದೇವೆ. ನೀರು ತಿಳಿಯಾಗಿ, ಚೊಕ್ಕಟವಾಗಿದೆ. ಆದರೂ ಮೀನು 200 ಗ್ರಾಂ ದಾಟಿಲ್ಲ. ಶೇಂಗಾ ಹಿಂಡಿ ಹೆಚ್ಚಿಸಬೇಕೆ? (ಕಾರಟಗಿ)

ನಿಮ್ಮ ಪತ್ರದಲ್ಲೇ ಕಾರಣ ಇದೆ: ನೀರು ತಿಳಿಯಾಗಿದೆ. ಕುಡಿಯುವ ನೀರಿಗೆ ಅದು ಒಳ್ಳೆಯ ಗುಣ, ಮೀನಿನ ಕೆರೆಗೆ ಅದು ಹಸಿವಿನ ಗುರುತು.

ಬೆಳೆಯುವ ಗೆಂಡೆ ಮೀನಿಗೆ ತಿನ್ನುವ ಆಹಾರದಲ್ಲಿ ನೂರಕ್ಕೆ ಸುಮಾರು 25ರಿಂದ 30 ಭಾಗ ಪ್ರೋಟೀನ್ ಬೇಕು. ತೌಡಿನಲ್ಲಿರುವುದು ಸುಮಾರು 12 ಭಾಗ. ನೀರಿನಲ್ಲಿ ತೇಲಾಡುವ ಸೂಕ್ಷ್ಮ ಜೀವಿಗಳಲ್ಲಿ, ಅಂದರೆ ಪ್ರಾಣಿ ಪ್ಲವಕದಲ್ಲಿ, ಒಣ ತೂಕದ ಅರ್ಧದಷ್ಟು ಪ್ರೋಟೀನ್ ಇರುತ್ತದೆ. ನೀರಲ್ಲಿ ಅದು ಸಾಕಷ್ಟಿದ್ದಾಗ ಮೀನು ಮೈ ಬೆಳೆಸಲು ಅದನ್ನು ಬಳಸಿಕೊಂಡು, ಓಡಾಡುವ ಶಕ್ತಿಗೆ ತೌಡನ್ನು ಬಳಸಿಕೊಳ್ಳುತ್ತದೆ. ತೌಡು ಲಾಭ ಕೊಡುವುದು ಈ ಜೋಡಿಯಿಂದ. ತಿಳಿ ನೀರಿಗೆ ಬರೀ ತೌಡು ಸುರಿದರೆ ಮೀನಿನ ಹೊಟ್ಟೆಯಲ್ಲಿ ಕೊಬ್ಬು ಕಟ್ಟುತ್ತದೆ, ಉದ್ದ, ತೂಕ ಬರುವುದಿಲ್ಲ. ಹಿಂಡಿ ಹೆಚ್ಚಿಸಿದರೆ ಮೀನು ಬೆಳೆಯುತ್ತದೆ, ನಿಜ. ಆದರೆ ಸಗಣಿ ಗೊಬ್ಬರದಿಂದ ನೀರಲ್ಲಿ ಹಸಿರು ಪಾಚಿ, ಅದನ್ನು ತಿನ್ನುವ ಪ್ರಾಣಿ ಪ್ಲವಕ ಹುಟ್ಟಿ ಬರಬೇಕಾದ ಪ್ರೋಟೀನನ್ನು ಹಿಂಡಿಯ ದರದಲ್ಲಿ ಕೊಂಡ ಹಾಗಾಗುತ್ತದೆ.

ಈಗ ಮಾಡಬೇಕಾದದ್ದು ಇದು. ಎಕರೆಗೆ ವಾರಕ್ಕೆ 75ರಿಂದ 100 ಕಿಲೋ ಹಸಿ ಸಗಣಿ ನೀರಲ್ಲಿ ಕಲಸಿ, ಬಿಸಿಲೇರಿದ ಮೇಲೆ ದಂಡೆಯ ಸುತ್ತ ಎರಚಿ. ಒಂದೇ ಮೂಲೆಗೆ ಗುಡ್ಡೆ ಸುರಿಯಬೇಡಿ, ಅಲ್ಲಿ ಕೊಳೆತು ತಳದ ಆಮ್ಲಜನಕ ತಿನ್ನುತ್ತದೆ. ಕೋಳಿ ಫಾರಂ ಗೊಬ್ಬರವಾದರೆ ಅದರ ಮೂರನೇ ಒಂದು ಭಾಗ ಸಾಕು. ಜೊತೆಗೆ ತಿಂಗಳಿಗೆ 8 ಕಿಲೋ ಯೂರಿಯಾ, 10ರಿಂದ 12 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್. ಇವನ್ನು ಒಂದೇ ದಿನ ಹಾಕದೆ ಹದಿನೈದು ದಿನಕ್ಕೊಮ್ಮೆ ಅರ್ಧರ್ಧ ಹಾಕಿ.

ಸೂಪರ್ ಫಾಸ್ಫೇಟ್ ವಿಷಯದಲ್ಲಿ ನಮ್ಮ ಎರೆ ಭೂಮಿಯ ಕೆರೆಗಳಲ್ಲಿ ಒಂದು ತಪ್ಪು ತುಂಬಾ ನಡೆಯುತ್ತದೆ. ಕಾಳನ್ನು ಹಾಗೆಯೇ ನೀರಿಗೆ ಎರಚಿದರೆ ಅದು ನೇರ ಕೆಸರಿಗೆ ಇಳಿಯುತ್ತದೆ. ಎರೆ ಮಣ್ಣಿನ ಜೇಡಿ ಮತ್ತು ಸುಣ್ಣದ ಅಂಶ ರಂಜಕವನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಹಿಂದಿನ ರಾತ್ರಿ ಡ್ರಮ್ಮಿನಲ್ಲಿ ಹತ್ತು ಪಟ್ಟು ನೀರು ಹಾಕಿ ನೆನೆಸಿ, ಬೆಳಿಗ್ಗೆ ಚೆನ್ನಾಗಿ ತಿರುವಿ ಮೇಲಿನ ನೀರನ್ನು ಕೆರೆಯ ಮೇಲ್ಮೈಗೆ ಎರಚಿ. ಆಗದಿದ್ದರೆ ಗೋಣಿಚೀಲದಲ್ಲಿ ತುಂಬಿ, ಬಿದಿರಿನ ಗಳಕ್ಕೆ ಕಟ್ಟಿ, ಒಂದಡಿ ನೀರಲ್ಲಿ ಮುಳುಗುವಂತೆ ತೂಗುಬಿಡಿ.

ಒಂದರಿಂದ ಎರಡು ವಾರದಲ್ಲಿ ನೀರಿನ ಬಣ್ಣ ಹಸಿರಿಗೆ ತಿರುಗಬೇಕು. ತಿರುಗಿದ ಮೇಲೆ ತೌಡಿಗೆ ನಾಲ್ಕನೇ ಒಂದು ಭಾಗ ಹಿಂಡಿ ಸೇರಿಸಿದರೆ ಸಾಕಾಗುತ್ತದೆ. ದಿನದ ಪ್ರಮಾಣ ಮೀನಿನ ಒಟ್ಟು ತೂಕದ ನೂರಕ್ಕೆ 2 ಭಾಗ: ಎಕರೆಗೆ 2,000 ಮೀನು, ತಲಾ 200 ಗ್ರಾಂ ಎಂದರೆ 400 ಕಿಲೋ, ಅದಕ್ಕೆ ದಿನಕ್ಕೆ 8 ಕಿಲೋ. ತಿಂಗಳಿಗೊಮ್ಮೆ ಬಲೆ ಎಳೆದು ಹತ್ತಿಪ್ಪತ್ತು ಮೀನು ತೂಗದೆ ಈ ಲೆಕ್ಕ ಬದಲಿಸಬೇಡಿ. ಮೇವನ್ನು ತೊಳೆದ ಗೊಬ್ಬರದ ಚೀಲಕ್ಕೆ ತುಂಬಿ, ಚೀಲದ ಕೆಳಭಾಗದಲ್ಲಿ ಎರಡು ಸಾಲು ಬೆರಳಗಲದ ತೂತು ಮಾಡಿ, ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡುವ ಪದ್ಧತಿ ಸಿಂಧನೂರು ಕಡೆಯ ಕ್ಯಾಂಪುಗಳಲ್ಲಿ ಚೆನ್ನಾಗಿ ಗೊತ್ತು. ಎರಡು ಗಂಟೆಯಲ್ಲಿ ಚೀಲ ಖಾಲಿಯಾಗದಿದ್ದರೆ ಮರುದಿನ ಕಡಿಮೆ ಮಾಡಿ.

ತೌಡನ್ನೂ ಒಮ್ಮೆ ಪರೀಕ್ಷಿಸಿ. ಒಂದು ಹಿಡಿ ತೌಡನ್ನು ಬಕೆಟ್ ನೀರಿಗೆ ಹಾಕಿ ಕಲಕಿ ಬಿಡಿ. ಹೊಟ್ಟು ತೇಲುತ್ತದೆ, ಒಳ್ಳೆಯ ತೌಡು ಇಳಿಯುತ್ತದೆ. ತೇಲುವುದೇ ಹೆಚ್ಚಾದರೆ ಅದು ಮೀನಿಗೆ ಜೀರ್ಣವಾಗದ ಮರಳಿನಂಥ ಹೊಟ್ಟು. ಎಣ್ಣೆ ತೆಗೆಯದ ತೌಡು ನಮ್ಮ ಬಿಸಿಲಿಗೆ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ವಾರಕ್ಕಾಗುವಷ್ಟನ್ನೇ ತನ್ನಿ.

ಪ್ರಶ್ನೆ: ನೀರು ಹಸಿರಾಗಬೇಕು ಎನ್ನುತ್ತೀರಿ. ಎಷ್ಟು ಹಸಿರು? ಕಣ್ಣಳತೆ ಸಾಕೆ? (ಗಂಗಾವತಿ)

ಕಣ್ಣಳತೆ ಸಾಲದು. ಮೋಡದ ದಿನ ಎಲ್ಲ ಕೆರೆಯೂ ಕಪ್ಪಾಗಿ ಕಾಣುತ್ತದೆ, ಸಂಜೆ ಎಲ್ಲವೂ ಹಸಿರಾಗಿ ಕಾಣುತ್ತದೆ.

20 ಸೆಂಟಿಮೀಟರ್ ಅಗಲದ ಒಂದು ತಗಡಿನ ತಟ್ಟೆ ತೆಗೆದುಕೊಂಡು ನಾಲ್ಕು ಭಾಗ ಮಾಡಿ, ಎದುರುಬದುರು ಭಾಗಗಳಿಗೆ ಕಪ್ಪು, ಬಿಳಿ ಬಣ್ಣ ಹಚ್ಚಿ. ಕೆಳಗೆ ಒಂದು ಭಾರ ಕಟ್ಟಿ. ನಡುವಿನ ತೂತಿಗೆ ಹಗ್ಗ ಪೋಣಿಸಿ, ಪ್ರತಿ 5 ಸೆಂಟಿಮೀಟರಿಗೆ ಗುರುತು ಹಾಕಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ನೀರಿಗೆ ಇಳಿಸಿ. ತಟ್ಟೆ ಕಾಣದಾದ ಆಳ ಮತ್ತು ಮೇಲೆತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ತೆಗೆದುಕೊಳ್ಳಿ. ಇದಕ್ಕೆ ಸೆಕಿ ತಟ್ಟೆ ಎನ್ನುತ್ತಾರೆ.

30ರಿಂದ 40 ಸೆಂಟಿಮೀಟರ್ ಬಂದರೆ ಹದ. 50 ದಾಟಿದರೆ ಗೊಬ್ಬರ ಬೇಕು. 25ಕ್ಕಿಂತ ಕೆಳಗಿಳಿದರೆ ಗೊಬ್ಬರ ನಿಲ್ಲಿಸಿ, 20ಕ್ಕೆ ಇಳಿದರೆ ಮೇವನ್ನೂ ತಗ್ಗಿಸಿ, ಹೊಸ ನೀರು ಬಿಡಿ. ತಟ್ಟೆ ಇಲ್ಲದವರು ಕೈಯನ್ನು ನೇರವಾಗಿ ನೀರಿಗೆ ಇಳಿಸಿ: ನೀರು ಮೊಣಕೈ ಮುಟ್ಟುವ ಹೊತ್ತಿಗೆ ಅಂಗೈ ಕಾಣದಾಗಬೇಕು. ತುರ್ತಿಗೆ ಇದು ಸಾಕು.

ತಟ್ಟೆ ಹೇಳುವುದು ನೀರಿನ ಮಬ್ಬನ್ನು ಮಾತ್ರ. ಆ ಮಬ್ಬು ಕೆಸರಿನದೋ, ಪಾಚಿಯದೋ, ಹುಳುಗಳದೋ ಅದು ಹೇಳದು. ಅದಕ್ಕೆ 60 ಮೈಕ್ರಾನ್ ಆಸುಪಾಸಿನ ಬಟ್ಟೆಯ ಪ್ಲವಕ ಬಲೆ ಬೇಕು. ಕೆರೆಯ ನಾಲ್ಕೈದು ಕಡೆಯಿಂದ ಒಟ್ಟು 50 ಲೀಟರ್ ನೀರು ಎತ್ತಿ ಬಲೆಯಲ್ಲಿ ಸೋಸಿ. ತುದಿಯ ಗಾಜಿನ ಕೊಳವೆಯಲ್ಲಿ ಉಳಿದದ್ದಕ್ಕೆ ಚಿಟಿಕೆ ಉಪ್ಪು ಹಾಕಿ ಅರ್ಧ ಗಂಟೆ ಬಿಡಿ. ತಳದಲ್ಲಿ 1ರಿಂದ 2 ಮಿಲಿಲೀಟರ್ ಕೂತರೆ ಮೇವು ಸಾಕಷ್ಟಿದೆ. ಕೂತದ್ದು ತಿಳಿ ಕಂದಾಗಿದ್ದರೆ ಪ್ರಾಣಿ ಪ್ಲವಕ ಹೆಚ್ಚು, ಹಸಿರಾಗಿದ್ದರೆ ಸಸ್ಯ ಪ್ಲವಕ, ಅಂದರೆ ತೇಲುವ ಸೂಕ್ಷ್ಮ ಪಾಚಿ, ಹೆಚ್ಚು. ಕಾಟ್ಲಾ ಜಾಸ್ತಿ ಬಿಟ್ಟವರಿಗೆ ಕಂದು ಬರುವುದು ಲಾಭ.

ಪ್ರಶ್ನೆ: ಸವಳು ಬಿದ್ದು ಭತ್ತ ಬಾರದ ಹೊಲದಲ್ಲಿ ಕೆರೆ ತೆಗೆಸಿದ್ದೇವೆ. ನೀರಿನ ಪಿಎಚ್ 8.7. ಸದಾ ಬೂದು ಬಣ್ಣದ ರಾಡಿ. ಮೂರು ಸಲ ಗೊಬ್ಬರ ಹಾಕಿದರೂ ಹಸಿರಾಗಲಿಲ್ಲ. ಸುಣ್ಣ ಹಾಕಿ ಎಂದು ಪಕ್ಕದವರು ಹೇಳುತ್ತಾರೆ. (ಸಿಂಧನೂರು ತಾಲ್ಲೂಕು)

ಸುಣ್ಣ ಬೇಡ. ಸುಣ್ಣ ಹುಳಿ ಮಣ್ಣಿನ ಔಷಧ. ಎಕರೆಗೆ ಇಷ್ಟು ಸುಣ್ಣ ಎಂದು ಪುಸ್ತಕಗಳಲ್ಲಿ ಬರೆದಿರುವುದು ಮಳೆ ಜಾಸ್ತಿ ಬೀಳುವ ಕಡೆಯ ಮಣ್ಣಿಗೆ. 8.7 ಪಿಎಚ್ ಎಂದರೆ ಆಗಲೇ ಕ್ಷಾರವಾದ ನೀರು, ಅದಕ್ಕೆ ಸುಟ್ಟ ಸುಣ್ಣ ಹಾಕಿದರೆ ಪಿಎಚ್ ಇನ್ನೂ ಏರುತ್ತದೆ, ಮಧ್ಯಾಹ್ನ 9.5 ದಾಟಿದರೆ ಮೀನಿಗೆ ಅಪಾಯ.

ನಿಮ್ಮ ರಾಡಿಗೆ ಕಾರಣ ಸೋಡಿಯಂ. ಸವಳು-ಜವಳು ಮಣ್ಣಿನಲ್ಲಿ ಸೋಡಿಯಂ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟದಂತೆ ದೂರ ಇಡುತ್ತದೆ, ಹಾಗಾಗಿ ಅವು ವಾರಗಟ್ಟಲೆ ಕೂರುವುದಿಲ್ಲ. ಬೆಳಕು ಒಳಗಿಳಿಯದಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಸಸ್ಯ ಪ್ಲವಕ ಹುಟ್ಟದು. ಅದಿಲ್ಲದೆ ಅದನ್ನು ತಿನ್ನುವ ಹುಳುಗಳೂ ಇಲ್ಲ. ಮೊದಲು ರಾಡಿ ಕೂರಿಸಿ, ಆಮೇಲೆ ಗೊಬ್ಬರ.

ಜಿಪ್ಸಂ ಇದಕ್ಕೆ ಸರಿಯಾದ ಪದಾರ್ಥ. ಅದರ ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಒಟ್ಟುಗೂಡಿಸುತ್ತದೆ, ಪಿಎಚ್ ಏರಿಸುವುದಿಲ್ಲ. ಪ್ರಮಾಣವನ್ನು ಬಕೆಟ್ಟಿನಲ್ಲೇ ಕಂಡುಕೊಳ್ಳಬಹುದು. ಹತ್ತು ಲೀಟರಿನ ನಾಲ್ಕು ಬಕೆಟ್‌ಗಳಿಗೆ ಕೆರೆಯ ನೀರು ತುಂಬಿ. ಒಂದನ್ನು ಹಾಗೆಯೇ ಬಿಡಿ, ಉಳಿದವಕ್ಕೆ 1, 2, 3 ಗ್ರಾಂ ಪುಡಿ ಜಿಪ್ಸಂ ಕರಗಿಸಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಯಾವ ಬಕೆಟ್ಟಿನ ತಳ ಕಾಣುತ್ತದೆಯೋ ಆ ಪ್ರಮಾಣ ನಿಮ್ಮದು. ಬಕೆಟ್ಟಿನ 1 ಗ್ರಾಂ ಎಂದರೆ ಎಕರೆಗೆ ಸುಮಾರು 600 ಕಿಲೋ. ಒಮ್ಮೆಲೇ ಸುರಿಯದೆ ಎರಡು ಕಂತಿನಲ್ಲಿ, ಗಾಳಿ ಬೀಸುವ ಕಡೆಯ ದಂಡೆಯಿಂದ ಎರಚಿ. ಪಟಿಕ ಬೇಗ ಕೂರಿಸುತ್ತದೆ, ಆದರೆ ಬೆಲೆ ಹೆಚ್ಚು, ನೀರಿನ ಕ್ಷಾರತೆಯನ್ನೂ ತಿನ್ನುತ್ತದೆ. ಇಡೀ ಕೆರೆಗೆ ಅದನ್ನು ನಾವು ಹೇಳುವುದಿಲ್ಲ.

ನೀರು ತಿಳಿಯಾದ ಮೇಲೆ ಎಕರೆಗೆ ಒಂದು ಟನ್ ಸಗಣಿ ಹರಡಿ. ಸಗಣಿಯೂ ಜೇಡಿ ಕೂರಿಸಲು ನೆರವಾಗುತ್ತದೆ. ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಬಳಸಿ, ಪ್ರಮಾಣ ಯೂರಿಯಾದ ಎರಡು ಪಟ್ಟು, ಹೊತ್ತು ಬೆಳಗಿನದೇ. ಪಿಎಚ್ ಏರಿದ ಮಧ್ಯಾಹ್ನ ಹಾಕಿದರೆ ಅದರ ಸಾರಜನಕ ವಿಷಕಾರಿ ಅಮೋನಿಯಾ ರೂಪಕ್ಕೆ ತಿರುಗುವುದು ಹೆಚ್ಚು. ದಂಡೆಯ ಒಳಮೈಗೆ ಹುಲ್ಲು ಹಚ್ಚಿ. ಎರೆ ಮಣ್ಣಿನ ಬರಿಯ ದಂಡೆ ಪ್ರತಿ ಮಳೆಗೂ ಕೆರೆಗೇ ಇಳಿಯುತ್ತದೆ, ನೀವು ಕೂರಿಸಿದ ರಾಡಿ ಮತ್ತೆ ಏಳುತ್ತದೆ. ಇಂಥ ಕೆರೆಗೆ ಸಾಮಾನ್ಯ ಗೆಂಡೆ ಬಿಡುವುದು ಬೇಡ, ಅದು ತಳ ಕೆದಕುತ್ತಲೇ ಇರುತ್ತದೆ.

ಪ್ರಶ್ನೆ: ಪಂಗಾಸಿಯಸ್ ಸಾಕುತ್ತೇವೆ. ನಾವೂ ಗೊಬ್ಬರ ಹಾಕಬೇಕೆ? (ಮಾನ್ವಿ)

ಬೇಡ. ಅದು ಚೀಲದ ಗುಳಿಗೆ ಮೇವಿನ ಮೇಲೆ ಬೆಳೆಯುವ ಮೀನು. ಅದರ ಹಿಕ್ಕೆ ಮತ್ತು ಉಳಿದ ಮೇವೇ ನಿಮ್ಮ ಕೆರೆಗೆ ಬೇಕಾದ್ದಕ್ಕಿಂತ ಹೆಚ್ಚು ಗೊಬ್ಬರ. ನಿಮ್ಮ ಕೆಲಸ ಹಸಿರನ್ನು ತಗ್ಗಿಸುವುದು. ಎಕರೆಗೆ ನೂರಿನ್ನೂರು ಬಲಿತ ಕಾಟ್ಲಾ ಅಥವಾ ಬೆಳ್ಳಿ ಗೆಂಡೆ ಸೇರಿಸಿದರೆ ಆ ಹಸಿರಿನಲ್ಲಿ ಒಂದಿಷ್ಟು ಹಣವಾಗುತ್ತದೆ.

ಪ್ರಶ್ನೆ: ಹತ್ತು ಗುಂಟೆಯ ನರ್ಸರಿ ಕೊಳದಲ್ಲಿ ಸ್ಪಾನ್ (ಆಗತಾನೆ ಹುಟ್ಟಿದ ಮೀನುಮರಿ) ಬಿಟ್ಟರೆ ಹತ್ತು ದಿನದಲ್ಲಿ ಬಹುಪಾಲು ಸಾಯುತ್ತವೆ. ಹಿಂಡಿ ಪುಡಿ ಹಾಕಿಯೂ ಉಳಿಯುತ್ತಿಲ್ಲ. (ಗಂಗಾವತಿ ತಾಲ್ಲೂಕು)

ಸ್ಪಾನ್ ಸಾಯುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ: ಬಾಯಿಗೆ ಹಿಡಿಯುವ ಮೇವು ಆ ದಿನ ನೀರಲ್ಲಿಲ್ಲ, ಮರಿಯನ್ನೇ ತಿನ್ನುವ ಹುಳುಗಳಿವೆ, ಇಲ್ಲವೇ ಚೀಲದ ನೀರಿಗೂ ಕೊಳದ ನೀರಿಗೂ ಬಿಸಿ ಹೊಂದಿಸದೆ ಸುರಿದಿದ್ದಾರೆ. ಕೊನೆಯದಾದರೆ ಮರಿಗಳು ಮೊದಲ ದಿನವೇ ಸಾಯುತ್ತವೆ. ನಿಮ್ಮದು ಹತ್ತು ದಿನ ಎಂದಿರುವುದರಿಂದ ಮೊದಲೆರಡನ್ನು ನೋಡೋಣ.

ಸ್ಪಾನ್ ಮೂರು ನಾಲ್ಕು ದಿನದ್ದು, 6 ಮಿಲಿಮೀಟರ್ ಉದ್ದ. ಹೊಟ್ಟೆಯ ಹಳದಿ ಚೀಲ ಕರಗಿದ ದಿನದಿಂದ ಹೊರಗಿನ ಆಹಾರ ಬೇಕು. ಆ ಬಾಯಿಗೆ ಹೊಂದುವುದು ರೋಟಿಫರ್ ಎಂಬ ಅತಿ ಸಣ್ಣ ಜೀವಿ. ನಾಲ್ಕೈದು ದಿನ ಬೆಳೆದ ಮೇಲೆ ಮೊಯಿನಾ, ಡಾಫ್ನಿಯಾದಂಥ ನೀರುಚಿಗಟೆ ನುಂಗಬಲ್ಲದು. ಗೊಬ್ಬರ ಬಿದ್ದ ಕೊಳದಲ್ಲೂ ಇದೇ ಕ್ರಮ: ಮೊದಲು ರೋಟಿಫರ್, ವಾರದ ಮೇಲೆ ನೀರುಚಿಗಟೆ, ಆಮೇಲೆ ಸೈಕ್ಲಾಪ್ಸ್ ಎಂಬ ಇನ್ನೊಂದು ಸಣ್ಣ ಜೀವಿ. ಈ ಎರಡು ಕ್ರಮಗಳನ್ನು ಹೊಂದಿಸುವುದರಲ್ಲೇ ನರ್ಸರಿಯ ಗೆಲುವಿದೆ. ಗೊಬ್ಬರ ಹಾಕಿ ಹದಿನೈದು ದಿನ ಕಾದು ಸ್ಪಾನ್ ಬಿಟ್ಟರೆ ಅಲ್ಲಿ ಸೈಕ್ಲಾಪ್ಸ್ ತುಂಬಿರುತ್ತದೆ, ದೊಡ್ಡ ಸೈಕ್ಲಾಪ್ಸ್ ಮರಿಯನ್ನೇ ಕಚ್ಚುತ್ತದೆ.

ಹತ್ತು ಗುಂಟೆಗೆ, ಅಂದರೆ ಸುಮಾರು 1,000 ಚದರ ಮೀಟರಿಗೆ, ಲೆಕ್ಕ ಹೀಗೆ. ಕೊಳ ಒಣಗಿಸಿ, ನೀರು ಒಳಬರುವ ಬಾಯಿಗೆ 60 ಕಣ್ಣಿನ ನೈಲಾನ್ ಬಲೆ ಕಟ್ಟಿ ಮೂರಡಿ ನೀರು ತುಂಬಿ. ಶೇಂಗಾ ಹಿಂಡಿ 75 ಕಿಲೋ, ಸಗಣಿ 20 ಕಿಲೋ, ಸೂಪರ್ ಫಾಸ್ಫೇಟ್ 5 ಕಿಲೋ, ಇದು ಒಟ್ಟು ಪ್ರಮಾಣ. ಇದರ ಅರ್ಧವನ್ನು ಒಂದು ರಾತ್ರಿ ನೆನೆಸಿ, ಗಂಜಿಯಂತೆ ಕಲಸಿ, ಸ್ಪಾನ್ ಬಿಡುವ ಮೂರು ದಿನ ಮೊದಲು ಎರಚಿ. ಉಳಿದರ್ಧವನ್ನು ನೀರಿನ ಮೇವು ನೋಡಿಕೊಂಡು ಎರಡು ಮೂರು ಕಂತಿನಲ್ಲಿ ಕೊಡಿ. ಕೊಳ ತಂಪಾಗಿದ್ದು ಮೂರನೇ ದಿನ ಮೇವು ಕಾಣದಿದ್ದರೆ ಒಂದೆರಡು ದಿನ ಕಾಯಿರಿ, ವಾರ ಮೀರಿಸಬೇಡಿ.

ಸ್ಪಾನ್ ಬರುವ ಹಿಂದಿನ ಸಂಜೆ, ಗಾಳಿ ಇಲ್ಲದ ಹೊತ್ತಿನಲ್ಲಿ, 5.6 ಕಿಲೋ ಅಗ್ಗದ ಖಾದ್ಯ ಎಣ್ಣೆಯನ್ನು 1.8 ಕಿಲೋ ಬಟ್ಟೆ ಸೋಪಿನ ನೀರಿನಲ್ಲಿ ಕಲಸಿ ಮೇಲ್ಮೈಗೆ ಹರಡಿ. ಬೆನ್ನು ಕೆಳಗಾಗಿ ಈಜುವ ಹುಳು, ಜೀರುಂಡೆಯಂಥವು ಉಸಿರಿಗಾಗಿ ಮೇಲೆ ಬಂದಾಗ ಎಣ್ಣೆ ಪದರ ಉಸಿರುನಾಳ ಮುಚ್ಚಿ ಸಾಯುತ್ತವೆ. ಪ್ಲವಕಕ್ಕೆ ಇದರಿಂದ ಹಾನಿ ಇಲ್ಲ. ಗಾಳಿ ಬೀಸಿದರೆ ಪದರ ಒಡೆದು ಮೂಲೆಗೆ ಸೇರುತ್ತದೆ, ಆ ದಿನ ಹಾಕಿದ್ದು ವ್ಯರ್ಥ.

ಮೂರರಿಂದ ಐದು ಲಕ್ಷ ಸ್ಪಾನ್ ಈ ಕೊಳಕ್ಕೆ ಸಾಕು. ತೌಡು, ಹಿಂಡಿ ಸಮಭಾಗ ಪುಡಿ ಮಾಡಿ, ಜರಡಿ ಹಿಡಿದು, ಲಕ್ಷಕ್ಕೆ ದಿನಕ್ಕೆ 600 ಗ್ರಾಂ ಐದು ದಿನ, ಆಮೇಲೆ 1,200 ಗ್ರಾಂ, ಎರಡು ಹೊತ್ತಿನಲ್ಲಿ. ರಾತ್ರಿ ದಂಡೆಯ ನೀರಿಗೆ ಟಾರ್ಚ್ ಹಿಡಿದು ಎರಡು ನಿಮಿಷ ಬಿಡಿ, ಬೆಳಕಿಗೆ ಬಂದ ಜೀವಿಗಳನ್ನು ಬಿಳಿ ಮಗ್ಗಿನಲ್ಲಿ ತುಂಬಿ ನೋಡಿ. ಚುಕ್ಕಿಯಂತೆ ಕುಪ್ಪಳಿಸುವವು ನೀರುಚಿಗಟೆ. ಐದನೇ ದಿನದ ಮೇಲೆ ಅವು ಕಾಣದಾದರೆ ಉಳಿಸಿದ ಗೊಬ್ಬರದ ಕಂತು ಹಾಕುವ ಹೊತ್ತು ಬಂದಿದೆ. ಹದಿನೈದರಿಂದ ಇಪ್ಪತ್ತು ದಿನಕ್ಕೆ ಮರಿ ಒಂದಂಗುಲ ಮುಟ್ಟಬೇಕು. ಅರ್ಧದಷ್ಟು ಉಳಿದರೆ ಅದು ಒಳ್ಳೆಯ ನರ್ಸರಿ.

ಕಾಲುವೆಗೆ ನೀರು ಬಿಡುವುದು ಸಾಮಾನ್ಯವಾಗಿ ಜುಲೈ ಹೊತ್ತಿಗೆ, ಸ್ಪಾನ್ ಸಿಗುವುದೂ ಆಗಲೇ. ಕಾಲುವೆ ಬಂದ ಮೇಲೆ ಕೊಳ ಸಿದ್ಧ ಮಾಡಲು ಹೊರಟರೆ ಮೇಲಿನ ಕ್ರಮ ಯಾವುದೂ ಹೊಂದುವುದಿಲ್ಲ. ಬೋರ್‌ವೆಲ್ ಇದ್ದವರು ಅದರ ನೀರಿನಿಂದ ಮೊದಲೇ ತುಂಬಿಕೊಳ್ಳಿ.

ಪ್ರಶ್ನೆ: ನೀರು ಬಣ್ಣ ಕದಡಿದಂತೆ ದಟ್ಟ ಹಸಿರಾಗಿದೆ, ಮೂಲೆಯಲ್ಲಿ ಕೆನೆ ಕಟ್ಟಿ ನಾರುತ್ತದೆ. ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ಬರುತ್ತವೆ. ಕೋಳಿ ಗೊಬ್ಬರ ಹಾಕುತ್ತಿದ್ದೆವು. ಮೈಲುತುತ್ತ ಹಾಕಬಹುದೆ? (ಸಿರುಗುಪ್ಪ)

ಮೈಲುತುತ್ತ ಹಾಕಬೇಡಿ. ಇಡೀ ಕೆರೆಯ ಪಾಚಿ ಒಂದೇ ದಿನ ಸತ್ತರೆ ಅದು ಕೊಳೆಯಲು ಇರುವ ಆಮ್ಲಜನಕವೆಲ್ಲ ಖರ್ಚಾಗಿ, ಈಗ ಬಾಯಿ ತೆರೆಯುತ್ತಿರುವ ಮೀನು ನಾಳೆ ಬೆಳಿಗ್ಗೆ ತೇಲುತ್ತವೆ.

ಮೊದಲು ಯಾವ ಪಾಚಿ ಎಂದು ನೋಡಿ. ಪಾರದರ್ಶಕ ಬಾಟಲಿಗೆ ನೀರು ತುಂಬಿ ಒಂದು ಗಂಟೆ ಅಲುಗಿಸದೆ ಇಡಿ. ಹಸಿರೆಲ್ಲ ಮೇಲೆ ಬಂದು ಪದರ ಕಟ್ಟಿದರೆ ಅದು ಮೈಕ್ರೋಸಿಸ್ಟಿಸ್ ಜಾತಿಯ ನೀಲಿ-ಹಸಿರು ಪಾಚಿ. ನೀರಲ್ಲೇ ಸಮನಾಗಿ ಉಳಿದರೆ ಸಾಮಾನ್ಯ ಹಸಿರು ಪಾಚಿ. ಕೆನೆ, ವಾಸನೆ ಎಂದು ನೀವು ಬರೆದಿರುವುದು ಮೊದಲನೆಯದಕ್ಕೆ ಹೊಂದುತ್ತದೆ. ಅದು ಗುಂಪುಗಟ್ಟಿ ಲೋಳೆಯೊಳಗೆ ಇರುವುದರಿಂದ ಮೀನಿಗೆ ಸರಿಯಾಗಿ ಜೀರ್ಣವಾಗದು, ಪ್ರಾಣಿ ಪ್ಲವಕವೂ ಅದನ್ನು ತಿಂದು ಹೆಚ್ಚುವುದಿಲ್ಲ. ನೀರು ಹಸಿರಿದ್ದೂ ಮೀನು ಉಪವಾಸ ಇರುವ ಸ್ಥಿತಿ ಇದು. ಕೋಳಿ ಗೊಬ್ಬರದಲ್ಲಿ ರಂಜಕ ಹೆಚ್ಚು. ರಂಜಕ ಮಿಕ್ಕಿ, ಬಿಸಿಲು ಕಾದು, ನೀರು ಅಲುಗದೆ ನಿಂತಾಗ ಈ ಪಾಚಿ ಬೇರೆ ಎಲ್ಲವನ್ನೂ ಮೀರಿಸುತ್ತದೆ.

ಹಗಲಿನಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಮೀನಿನೊಂದಿಗೆ ಉಸಿರಾಡುತ್ತದೆ. ಕೊರತೆ ಅತಿ ಹೆಚ್ಚಾಗುವುದು ನಸುಕಿನ ನಾಲ್ಕರಿಂದ ಸೂರ್ಯ ಹುಟ್ಟುವವರೆಗೆ. ಆದ್ದರಿಂದ ಪಂಪನ್ನು ರಾತ್ರಿ ಎರಡಕ್ಕೇ ಶುರು ಮಾಡಿ. ಕೆರೆಯ ನೀರನ್ನೇ ಎತ್ತಿ, ಪೈಪಿನ ಬಾಯಿಗೆ ತೂತಿನ ತಗಡು ಕಟ್ಟಿ, ಮಳೆಯಂತೆ ಕೆರೆಗೇ ಬೀಳಿಸಿ. ಏರೇಟರ್ ಇದ್ದವರು ಅದನ್ನೇ ಓಡಿಸಿ. ಮೇವು, ಗೊಬ್ಬರ ಎರಡೂ ಇಂದಿನಿಂದಲೇ ನಿಲ್ಲಲಿ. ಕಾಲುವೆ ಇದ್ದರೆ ತಳದ ನೀರನ್ನು ನಾಲ್ಕನೇ ಒಂದು ಭಾಗ ಹೊರಬಿಟ್ಟು ಹೊಸದು ತುಂಬಿ. ಗಾಳಿ ದಬ್ಬಿದ ಮೂಲೆಯಲ್ಲಿ ಕಟ್ಟಿದ ಕೆನೆಯನ್ನು ಹಳೆಯ ಸೀರೆಯ ಬಟ್ಟೆಯಿಂದ ಬಳಿದು ದಂಡೆಯಾಚೆ ಹಾಕಿ. ದಿನವೂ ಇದನ್ನು ಮಾಡಿದರೆ ಹೊರಹೋಗುವ ರಂಜಕ ಸಣ್ಣದಲ್ಲ. ಆ ನೀರನ್ನು ದನಕರುಗಳಿಗೆ ಕುಡಿಸಬೇಡಿ, ಈ ಪಾಚಿಯ ವಿಷ ದನಗಳಿಗೆ ತಾಗುತ್ತದೆ. ಅಂಗಡಿಯವರು ಕೊಡುವ ಪೊಟ್ಯಾಶಿಯಂ ಪರ್ಮಾಂಗನೇಟ್ ಆಮ್ಲಜನಕ ಕೊಡುವುದಿಲ್ಲ, ಅದಕ್ಕೆ ಹಣ ಹಾಕಬೇಡಿ.

ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ಮೇಲೆ ಹೊಸ ನೀರಿನ ದಾರಿಯೇ ಇರುವುದಿಲ್ಲ. ಫೆಬ್ರುವರಿ ಕೊನೆಯಿಂದಲೇ ಗೊಬ್ಬರ ಅರ್ಧಕ್ಕೆ ಇಳಿಸಿ, ಏಪ್ರಿಲ್-ಮೇನಲ್ಲಿ ಪೂರ್ತಿ ನಿಲ್ಲಿಸಿ, ದೊಡ್ಡ ಮೀನು ಹಿಡಿದು ಮಾರಿ ಕೆರೆಯ ಭಾರ ಇಳಿಸಿಕೊಳ್ಳಿ. ಪಾಚಿ ಹೆಚ್ಚಿದ ಕೆರೆಯ ಮೀನಿಗೆ ಮಣ್ಣಿನ ವಾಸನೆ ಹತ್ತಿರುತ್ತದೆ. ಅಂಥ ಮೀನನ್ನು ಶುದ್ಧ ನೀರಿನ ತೊಟ್ಟಿಯಲ್ಲಿ ಕೆಲವು ದಿನ ಮೇವಿಲ್ಲದೆ ಇಟ್ಟು ಮಾರಿದರೆ ವಾಸನೆ ಇಳಿಯುತ್ತದೆ.

ಪ್ರಶ್ನೆ: ಕಾಲುವೆಯ ಕೊನೆಭಾಗದ ರೈತರು ನಾವು. ಗದ್ದೆಗಳ ಬಸಿಗಾಲುವೆ ನೀರನ್ನೇ ಕೆರೆಗೆ ತುಂಬುತ್ತೇವೆ. ಆಗಸ್ಟ್‌ನಲ್ಲಿ ನೀರು ಬಿಟ್ಟ ಮೇಲೆ ಮೀನು ಸಾಯಲಿಲ್ಲ, ಆದರೆ ಬೆಳವಣಿಗೆ ನಿಂತುಹೋಯಿತು. (ರಾಯಚೂರು ಜಿಲ್ಲೆ)

ಮೀನು ಸಾಯಲಿಲ್ಲ ಎಂದರೆ ನೀರು ಶುದ್ಧ ಎಂದಲ್ಲ. ಭತ್ತಕ್ಕೆ ಸಿಂಪಡಿಸುವ ಕೀಟನಾಶಕಗಳಲ್ಲಿ ಹಲವು ಮೀನನ್ನು ಕೊಲ್ಲಲು ಬೇಕಾದುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೇ ನೀರುಚಿಗಟೆಯನ್ನು ಅಳಿಸಿಬಿಡುತ್ತವೆ. ಅವೂ ಕೀಟಗಳ ದೂರದ ಬಂಧುಗಳೇ. ಹೀಗೆ ಮೀನು ಉಳಿದು ಅದರ ಊಟ ಸಾಯುತ್ತದೆ. ನಾಟಿಯಾದ ಮೊದಲ ವಾರದ ನೀರಿನಲ್ಲಿ ಕಳೆನಾಶಕವೂ ಬರುತ್ತದೆ, ಅದು ಸಸ್ಯ ಪ್ಲವಕವನ್ನು ಹೊಡೆಯುತ್ತದೆ.

ನೀರು ಬಿಡುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಲೀಟರ್ ಬಸಿಗಾಲುವೆ ನೀರನ್ನು ಬಟ್ಟೆಯಲ್ಲಿ ಸೋಸಿ ಗಾಜಿನ ಬಾಟಲಿಗೆ ಹಾಕಿ. ಇನ್ನೊಂದು ಬಾಟಲಿಗೆ ನಿಮ್ಮ ಕೆರೆಯ ನೀರು. ಎರಡಕ್ಕೂ ನಿಮ್ಮ ಕೆರೆಯ ನೀರುಚಿಗಟೆ ಹತ್ತು ಹತ್ತು ಎಣಿಸಿ ಬಿಟ್ಟು ನೆರಳಲ್ಲಿ ಒಂದು ದಿನ ಇಡಿ. ಕೆರೆಯ ನೀರಿನವು ಬದುಕಿ, ಬಸಿಗಾಲುವೆಯವು ಅರ್ಧಕ್ಕಿಂತ ಹೆಚ್ಚು ತಳ ಸೇರಿದರೆ ಆ ನೀರು ಬೇಡ. ನಾಟಿಯಾಗಿ ಕಳೆನಾಶಕ ಹಾಕಿದ ದಿನಗಳಲ್ಲಿ, ಸುತ್ತಲ ಗದ್ದೆಗೆ ಔಷಧ ಹೊಡೆದ ಎರಡು ವಾರ, ಆಮೇಲೆ ಬೀಳುವ ಮೊದಲ ದೊಡ್ಡ ಮಳೆಯ ನೀರು, ಈ ಮೂರು ಹೊತ್ತಿನಲ್ಲಿ ತೂಬು ಮುಚ್ಚಿರಲಿ. ಪಕ್ಕದ ಗದ್ದೆಯವರ ಜೊತೆ ಸಿಂಪಡಣೆಯ ದಿನ ಮಾತಾಡಿಕೊಳ್ಳುವುದು ಯಾವ ಸೋಸುವಿಕೆಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಈಗ ಅಳಿದ ಮೇವನ್ನು ಮರಳಿ ತರಲು ಎರಡು ಮೂರು ವಾರ ಬೇಕು. ಆರೋಗ್ಯವಾಗಿರುವ ಪಕ್ಕದ ಕೆರೆಯಿಂದ ಇನ್ನೂರು ಲೀಟರ್ ನೀರನ್ನು, ಕಳೆ ಮೀನಿನ ಮರಿ ಬಾರದಂತೆ ಸೊಳ್ಳೆಪರದೆ ಬಟ್ಟೆಯಲ್ಲಿ ಸೋಸಿ, ಬೀಜವಾಗಿ ಸುರಿಯಿರಿ. ಆ ಕೆರೆಯಲ್ಲಿ ಮೀನಿಗೆ ಹುಣ್ಣು, ಹೇನು ಇದ್ದರೆ ತರಬೇಡಿ. ಜೊತೆಗೆ ಎಕರೆಗೆ 10 ಕಿಲೋ ತೌಡು, 2 ಕಿಲೋ ಬೆಲ್ಲ, 100 ಗ್ರಾಂ ಯೀಸ್ಟ್ ಡ್ರಮ್ಮಿನಲ್ಲಿ ಕಲಸಿ, ಒಂದು ದಿನ ಹುದುಗಿಸಿ, ವಾರಕ್ಕೊಮ್ಮೆ ಎರಚಿ. ಪ್ರಾಣಿ ಪ್ಲವಕ ಇದನ್ನು ನೇರವಾಗಿ ತಿಂದು ಬೇಗ ಹೆಚ್ಚುತ್ತದೆ. ಹಸಿರು ಬರುವವರೆಗೆ ಕಾಯಬೇಕಿಲ್ಲ.

ಪ್ರಶ್ನೆ: ಎಕರೆಗೆ ಯಾವ ಮೀನು ಎಷ್ಟು ಬಿಟ್ಟರೆ ನೀರಿನ ಮೇವು ಪೂರ್ತಿ ಬಳಕೆಯಾಗುತ್ತದೆ? (ಕೊಪ್ಪಳ)

ಬಲಿತ ಮರಿ 2,000 ಎಂದರೆ: ಕಾಟ್ಲಾ 600, ರೋಹು 800, ಮೃಗಾಲ್ 400, ಹುಲ್ಲು ಗೆಂಡೆ 200. ಕಾಟ್ಲಾ ಮೇಲ್ಪದರದ ಪ್ರಾಣಿ ಪ್ಲವಕ ತಿನ್ನುತ್ತದೆ, ರೋಹು ನಡುವಿನಲ್ಲಿ ಕಲ್ಲು, ಕಡ್ಡಿಗೆ ಹತ್ತಿದ ಪಾಚಿ ಕೆರೆಯುತ್ತದೆ, ಮೃಗಾಲ್ ತಳದ ಕೊಳೆತದ್ದನ್ನು ಆಯುತ್ತದೆ. ಹುಲ್ಲು ಗೆಂಡೆ ನೇಪಿಯರ್, ಅಜೋಲ್ಲಾ ತಿಂದು ಅರ್ಧ ಜೀರ್ಣವಾದ ಹಿಕ್ಕೆ ಹಾಕುವುದರಿಂದ ಅದೇ ಒಂದು ಗೊಬ್ಬರದ ಮೂಲ. ಬೆಳ್ಳಿ ಗೆಂಡೆ ಹೆಚ್ಚು ಬಿಟ್ಟರೆ ಕಾಟ್ಲಾ ಸೊರಗುತ್ತದೆ. ರೋಹುವಿಗಾಗಿ ಅಲ್ಲಲ್ಲಿ ಬಿದಿರಿನ ಗಳ ನೆಡಿ: ಒಂದು ತಿಂಗಳಲ್ಲಿ ಅವುಗಳ ಮೈಗೆ ಮೇವು ಹತ್ತಿಕೊಳ್ಳುತ್ತದೆ. ಬಲೆ ಎಳೆಯುವ ದಾರಿ ಬಿಟ್ಟು ಸಾಲಾಗಿ ನೆಟ್ಟರೆ ಹಿಡಿಯುವಾಗ ತೊಂದರೆ ಇಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ಹಾಸಿದ 21×21 ಮೀಟರ್ ಕೃಷಿ ಹೊಂಡ ಇದೆ. ಅದೇ ನೀರನ್ನು ದಾಳಿಂಬೆಗೆ ಡ್ರಿಪ್ ಮೂಲಕ ಕೊಡುತ್ತೇವೆ. ಅದರಲ್ಲಿ ಗೊಬ್ಬರ ಹಾಕಿ ಮೀನು ಬೆಳೆಸಬಹುದೆ? (ಕುಷ್ಟಗಿ)

ಬೆಳೆಸಬಹುದು, ಆದರೆ ಮಣ್ಣಿನ ಕೆರೆಯ ನಿರೀಕ್ಷೆ ಬೇಡ. ಪ್ಲಾಸ್ಟಿಕ್ ಹೊಂಡಕ್ಕೆ ಕೆಸರಿಲ್ಲ, ಕೆಸರಿಲ್ಲದೆ ತಳದ ಹುಳು ಇಲ್ಲ, ಗೊಬ್ಬರದ ಸತ್ವ ಹಿಡಿದಿಟ್ಟು ನಿಧಾನವಾಗಿ ಬಿಡುವ ಪದರವೂ ಇಲ್ಲ. ಹಾಕಿದ ಗೊಬ್ಬರ ಒಮ್ಮೆಲೇ ಹಸಿರಾಗಿ, ಅಷ್ಟೇ ಬೇಗ ಕುಸಿಯುತ್ತದೆ. ಮೃಗಾಲ್, ಸಾಮಾನ್ಯ ಗೆಂಡೆಗೆ ಅಲ್ಲಿ ಕೆಲಸವಿಲ್ಲ. ಕಾಟ್ಲಾ, ರೋಹು ಬಲಿತ ಮರಿಗಳು ಎರಡೂ ಸೇರಿ 150ರಿಂದ 200 ಬಿಡಿ. ಹದಿನೈದು ಕಿಲೋ ಸಗಣಿಯನ್ನು ಗೋಣಿಚೀಲದಲ್ಲಿ ಕಟ್ಟಿ ತೂಗುಬಿಡಿ, ನೀರು ಹದ ಮೀರಿದ ದಿನ ಚೀಲ ಎತ್ತಿಬಿಡಬಹುದು. ಈ ಅನುಕೂಲಕ್ಕಾಗಿಯೇ ಎರಚುವುದು ಬೇಡ ಎನ್ನುವುದು.

ಡ್ರಿಪ್ಪಿಗೆ ಮೀನಿನ ನೀರು ಒಳ್ಳೆಯದೇ, ಗಿಡಕ್ಕೆ ಸಾರಜನಕ ಸಿಗುತ್ತದೆ. ಆದರೆ ಅದೇ ಪ್ಲವಕ ಹನಿ ಬಾಯಿಗಳನ್ನು ಕಟ್ಟುತ್ತದೆ. ಬರೀ ಜಾಲರಿ ಫಿಲ್ಟರ್ ಸಾಲದು, ಮರಳು ಫಿಲ್ಟರ್ ಮೊದಲು, ಡಿಸ್ಕ್ ಫಿಲ್ಟರ್ ಆಮೇಲೆ ಇರಲಿ, ಎರಡನ್ನೂ ಪ್ರತಿ ಸಲ ನೀರು ಕೊಟ್ಟ ಮೇಲೆ ಹಿಮ್ಮುಖವಾಗಿ ತೊಳೆಯಿರಿ. ಪಂಪಿನ ಹೀರು ಪೈಪನ್ನು ಮೇಲ್ಮೈಯಿಂದ ಮೂರು ನಾಲ್ಕು ಅಡಿ ಕೆಳಗೆ, ತಳದಿಂದ ಎರಡಡಿ ಮೇಲೆ ಕಟ್ಟಿ, ಅಲ್ಲಿ ಪಾಚಿಯೂ ಹಿಕ್ಕೆಯೂ ಕಡಿಮೆ. ಸೆಕಿ ತಟ್ಟೆಯ ಅಳತೆಯನ್ನು 50 ಸೆಂಟಿಮೀಟರ್ ಆಸುಪಾಸಿನಲ್ಲೇ ಇಟ್ಟುಕೊಂಡು, ಕಡಿಮೆ ಬೀಳುವ ಮೇವನ್ನು ತೌಡು-ಹಿಂಡಿಯಿಂದ ತುಂಬಿ. ದಾಳಿಂಬೆ ನಿಮ್ಮ ಮುಖ್ಯ ಆದಾಯವಾಗಿದ್ದರೆ ಹೊಂಡದ ಹಸಿರನ್ನು ತೋಟದ ಅಳತೆಗೆ ತಕ್ಕಂತೆ ಇಡುವುದೇ ಸರಿ. ಏಪ್ರಿಲ್‌ನಲ್ಲಿ ನೀರು ಐದಡಿಗಿಂತ ಕೆಳಗೆ ಇಳಿಯುವ ಮೊದಲೇ ಮೀನು ಹಿಡಿದುಬಿಡಿ.